ಹೇಳಲು ಏನೂ ಇಲ್ಲದವನ ಮೌನ

ದೊಡ್ಡ ಕೊಲೆ ಕೇಸೊಂದು ಸುದ್ದಿಯಾದರೆ ಸಾಕು, ಕೆಲವೇ ದಿನಗಳಲ್ಲಿ ಈ ಮಾತು ಶುರುವಾಗುತ್ತದೆ: "ಮಂಪರು ಪರೀಕ್ಷೆ ಮಾಡಿಸಿ, ಎಲ್ಲಾ ಹೊರಗೆ ಬರುತ್ತೆ." ಟಿವಿ ಚರ್ಚೆಯಲ್ಲಿ ಕೂತವರು ಹೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಹೇಳುತ್ತಾರೆ. ರಾಜಕಾರಣಿಗಳು ಒಬ್ಬರಿಗೊಬ್ಬರು ಸವಾಲು ಹಾಕುತ್ತಾರೆ, ನಾನು ರೆಡಿ, ನೀವು ರೆಡಿನಾ ಅಂತ. "ಆರೋಪಿ ಇನ್ನೂ ಬಾಯಿ ಬಿಟ್ಟಿಲ್ಲ" ಎಂದು ವರದಿಗಾರ ಹೇಳುವ ಧಾಟಿಯನ್ನು ಗಮನಿಸಿ. ಬಾಯಿ ಬಿಡದಿರುವುದೇ ಅವನು ಮಾಡಿದ ಎರಡನೇ ಅಪರಾಧ ಎನ್ನುವ ಹಾಗಿರುತ್ತದೆ. ಹೀಗೆ ಕೇಳುವವರು ಕೆಟ್ಟವರಲ್ಲ. ಸತ್ತವರ ಮನೆಯವರ ಅಳು ನೋಡಿ ಹೊಟ್ಟೆ ಉರಿದವರು ಅವರು. ಆ ಉರಿ ನನಗೂ ಅರ್ಥವಾಗುತ್ತದೆ. ಆದರೂ ಈ ಮಾತು ಕೇಳಿದಾಗೆಲ್ಲ ನನಗೆ ಒಂದು ಸಂಕಟ. ಅದು ಯಾಕೆ ಅಂತ ಇಲ್ಲಿ ಬಿಡಿಸಿ ನೋಡಬೇಕೆನಿಸಿದೆ.

ಬಾಯಿ ಬಿಡದವರಲ್ಲಿ ಎರಡು ಬಗೆ. ಗೊತ್ತಿದ್ದೂ ಹೇಳದವನು ಒಬ್ಬ. ಏನೂ ಗೊತ್ತೇ ಇಲ್ಲದವನು ಇನ್ನೊಬ್ಬ. ಎದುರಿಗೆ ಕೂತು ಪ್ರಶ್ನೆ ಕೇಳುವವನಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಇಬ್ಬರೂ "ನಂಗೊತ್ತಿಲ್ಲ ಸಾರ್" ಅಂತಾರೆ. ಇಬ್ಬರೂ ಬೆವರುತ್ತಾರೆ, ಇಬ್ಬರೂ ಕೈಮುಗಿಯುತ್ತಾರೆ. ಈಗ ಇಬ್ಬರಿಗೂ ಏಟು ಬೀಳತೊಡಗಿತು ಅಂದುಕೊಳ್ಳಿ. ಗೊತ್ತಿರುವವನಿಗೆ ಅದನ್ನು ನಿಲ್ಲಿಸುವ ದಾರಿ ಇದೆ. ಹೇಳಿಬಿಟ್ಟರೆ ಏಟು ನಿಲ್ಲುತ್ತದೆ. ಗೊತ್ತಿಲ್ಲದವನಿಗೆ ಆ ದಾರಿಯೇ ಇಲ್ಲ. ಅವನು ಕೊಡಲು ಒಪ್ಪಿದರೂ ಕೊಡಲು ಅವನ ಹತ್ತಿರ ಏನೂ ಇಲ್ಲ. ಹಾಗಾಗಿ ಬಾಯಿ ಬಿಡಿಸುವ ಯಾವುದೇ ವಿಧಾನ ತಪ್ಪು ಮಾಡಿದವನಿಗಿಂತ ಮಾಡದವನ ಮೇಲೆ ಜಾಸ್ತಿ ಹೊತ್ತು ನಡೆಯುತ್ತದೆ. ಮೌನದ ಹಕ್ಕು ಅಂದಾಗ ನಾವು ಮೊದಲನೆಯವನನ್ನೇ ನೆನೆದು ಸಿಟ್ಟಾಗುತ್ತೇವೆ. ನನಗೆ ಆ ಹಕ್ಕು ಇರುವುದೇ ಎರಡನೆಯವನಿಗಾಗಿ ಅನ್ನಿಸುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯಲ್ಲಿ ದೀಪಾವಳಿಗೆ ಮುಂಚೆ ಎಲ್ಲರ ಮನೆಗೂ ಸುಣ್ಣ ಹೊಡೆಯುತ್ತಿದ್ದ ಒಬ್ಬರಿದ್ದರು. ನಾವು ಮಕ್ಕಳೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಬಿದಿರಿನ ಏಣಿ, ಎರಡು ಡಬ್ಬ, ನಾರಿನ ಬ್ರಷ್ಷು. ಸುಣ್ಣಕ್ಕೆ ನೀಲಿ ಎಷ್ಟು ಬೆರೆಸಬೇಕೆಂದು ಅವರ ಕಣ್ಣಿಗೇ ಗೊತ್ತಿತ್ತು. ಒಂದು ವರ್ಷ ಪಕ್ಕದ ಬೀದಿಯ ಮನೆಯೊಂದರಲ್ಲಿ ಸುಣ್ಣ ಹೊಡೆದು ಮುಗಿಸಿದ ಮರುದಿನ ಆ ಮನೆಯ ಅಜ್ಜಿಯ ಎರಡೆಳೆ ಸರ ಕಾಣಲಿಲ್ಲ. ಆ ವಾರ ಮನೆಯೊಳಗೆ ಓಡಾಡಿದ ಹೊರಗಿನವರು ಇವರೊಬ್ಬರೇ. ಮನೆಯವರಿಗೆ ಗೊತ್ತಿದ್ದ ಪೊಲೀಸರೊಬ್ಬರು ಸಂಜೆ ಬಂದರು. "ಬಾರಯ್ಯ, ಸ್ವಲ್ಪ ವಿಚಾರಿಸೋದಿದೆ" ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಹೋದರು. ದೂರು ಬರೆದುಕೊಟ್ಟವರಿಲ್ಲ. ಎಫ್‌ಐಆರ್ ಇಲ್ಲ. ಬಂಧನ ಅಂತ ಎಲ್ಲೂ ದಾಖಲಾಗಲಿಲ್ಲ.

ಅವರು ವಾಪಸ್ ಬಂದದ್ದು ಎರಡು ರಾತ್ರಿ ಕಳೆದ ಮೇಲೆ. ಮುಖದಲ್ಲಿ ಒಂದು ಗೀರೂ ಇರಲಿಲ್ಲ. ಹಬ್ಬ ಹತ್ತಿರ ಬಂದಿತ್ತು, ನಮ್ಮ ಮನೆಗೆ ಒಪ್ಪಿಕೊಂಡ ಕೆಲಸ ಬಾಕಿ ಇತ್ತು. ಬಂದರು. ಏಣಿ ಹತ್ತಿದರು. ಬ್ರಷ್ಷನ್ನು ಭುಜದ ಮಟ್ಟದವರೆಗೆ ಎತ್ತಿದರು. ಅದಕ್ಕಿಂತ ಮೇಲೆ ಕೈ ಹೋಗಲಿಲ್ಲ. ಇನ್ನೊಮ್ಮೆ ಎತ್ತಿ ನೋಡಿದರು. ಆಮೇಲೆ ಇಳಿದು, ಕಟ್ಟೆಯ ಮೇಲೆ ಕೂತು, ನಮ್ಮಮ್ಮ ಕೊಟ್ಟ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯನ್ನೇ ಲೋಟದ ಹತ್ತಿರ ತಂದು ಕುಡಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದಿಂದ ಮೇಲಕ್ಕೆ ಎಳೆಯುವುದಕ್ಕೆ ಏರೋಪ್ಲೇನ್ ಅನ್ನುತ್ತಾರೆ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ಅವರಂತೂ ಏನಾಯಿತು ಎಂದು ಯಾರಿಗೂ ಹೇಳಲಿಲ್ಲ. ಬೀದಿಯಲ್ಲಿ ಮಾತ್ರ ಸುದ್ದಿ ಹಬ್ಬಿತು: ಒಪ್ಪಿಕೊಂಡನಂತೆ, ಸರ ಸಂತೆಯಲ್ಲಿ ಮಾರಿದೆ ಅಂದನಂತೆ. ಯಾವ ಸಂತೆ, ಯಾರಿಗೆ ಅಂತ ಯಾರೂ ಕೇಳಲಿಲ್ಲ. ಅವರ ಹೆಂಡತಿ ಸಾಲ ಮಾಡಿ ಸರದ ದುಡ್ಡು ಕಟ್ಟಿಕೊಟ್ಟರು. ಮುಂದಿನ ವರ್ಷದಿಂದ ನಮ್ಮ ಬೀದಿಗೆ ಬೇರೆಯವರು ಸುಣ್ಣ ಹೊಡೆಯಲು ಬರತೊಡಗಿದರು.

ಸರ ಯಾರು ತೆಗೆದರು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರೇ ತೆಗೆದಿದ್ದರು ಅಂತಲೇ ಇಟ್ಟುಕೊಳ್ಳಿ, ಆ ಭುಜದ ಲೆಕ್ಕ ಬದಲಾಗುವುದಿಲ್ಲ. ಕಳ್ಳತನ ಸಾಬೀತಾಗಿದ್ದರೆ ಕೋರ್ಟು ಒಂದಷ್ಟು ತಿಂಗಳು ಜೈಲು ಕೊಡುತ್ತಿತ್ತು. ಕೈ ಎತ್ತಲಾಗದ ಹಾಗೆ ಮಾಡಿ ಎಂದು ಯಾವ ಕೋರ್ಟೂ ಹೇಳುತ್ತಿರಲಿಲ್ಲ.

ಬಳ್ಳಾರಿ ಇದ್ದ ಆ ಮದರಾಸು

ಕ್ರೂರ ಶಿಕ್ಷೆ ಅಂದ ಕೂಡಲೇ ನಮಗೆ ನೆನಪಾಗುವುದು ತೀರ್ಪಿನ ನಂತರದ ಸಂಗತಿಗಳು. ನೇಣು, ಛಡಿ, ಕರಿನೀರು. ಆದರೆ ನಮ್ಮ ನಾಡಿನಲ್ಲಿ ಹಿಂಸೆ ಬಹುಪಾಲು ತೀರ್ಪಿಗೆ ಮುಂಚೆಯೇ ನಡೆದಿದೆ. ಇದರ ಬಗ್ಗೆ ಸರ್ಕಾರವೇ ಬರೆಸಿದ ಹಳೆಯ ದಾಖಲೆಯೊಂದಿದೆ. 1854ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮದರಾಸು ಪ್ರಾಂತ್ಯದ ಚಿತ್ರಹಿಂಸೆಯ ಬಗ್ಗೆ ಪ್ರಶ್ನೆ ಎದ್ದಿತು. ಈಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ 1855ರಲ್ಲಿ ವರದಿ ಕೊಟ್ಟಿತು. ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆಗ ಮದರಾಸಿಗೇ ಸೇರಿದ್ದವು, ಹಾಗಾಗಿ ಇದು ನಮ್ಮ ಕಥೆಯೂ ಹೌದು. ಕಣ್ಣಿಗೆ ಮೆಣಸಿನಪುಡಿ. ಬೆರಳು ಹಿಂಡುವ ಕಿಟ್ಟಿ ಎನ್ನುವ ಮರದ ಇಕ್ಕಳ. ಉಟ್ಟ ಬಟ್ಟೆಯಲ್ಲೇ ಬಗ್ಗಿಸಿ ಕಟ್ಟಿ, ಬೆನ್ನ ಮೇಲೆ ಕಲ್ಲು ಹೇರಿ, ಬಿಸಿಲಿನಲ್ಲಿ ನಿಲ್ಲಿಸುವುದು. ಇದೆಲ್ಲ ಕೊಲೆ ದರೋಡೆಯ ಆರೋಪಿಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಅಲ್ಪಸ್ವಲ್ಪ ಕಂದಾಯ ಬಾಕಿ ಉಳಿಸಿಕೊಂಡ ರೈತರಿಗೂ ಇದೇ. ಆಗ ಕಂದಾಯ ವಸೂಲಿ ಮತ್ತು ಪೊಲೀಸ್ ಕೆಲಸ ಎರಡೂ ತಹಸೀಲ್ದಾರನ ಕೈಯಲ್ಲೇ ಇದ್ದವು. ದುಡ್ಡು ಕಕ್ಕಿಸುವವನೂ ಮಾತು ಕಕ್ಕಿಸುವವನೂ ಒಬ್ಬನೇ.

ಆ ಆಯೋಗ ತಪ್ಪನ್ನೆಲ್ಲ ನಮ್ಮ ಕಡೆಯ ಕೆಳಗಿನ ನೌಕರರ ತಲೆಗೆ ಕಟ್ಟಿ, ಯುರೋಪಿಯನ್ ಅಧಿಕಾರಿಗಳನ್ನು ನಯವಾಗಿ ಬಿಟ್ಟುಬಿಟ್ಟಿತು. ಇಷ್ಟು ಕಂದಾಯ ಬರಲೇಬೇಕು ಎಂದು ಮೇಲಿನಿಂದ ಹೇಳಿದವರು ಯಾರು ಎಂಬುದನ್ನು ಕೇಳಲಿಲ್ಲ. ಅದು ನನಗೆ ಸರಿಕಾಣುವುದಿಲ್ಲ. ಆದರೆ ಅದಾದ ಮೇಲೆ ಬಂದ ಕಾನೂನು ದೊಡ್ಡದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂಬ ನಿಯಮ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬಂತು. ಆಮೇಲೆ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಾಯಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಾಗಿ ಕೂತಿದೆ. ಪೊಲೀಸರು ಹೊಡೆದರೋ ಇಲ್ಲವೋ ಎಂದು ಕಾನೂನು ಕೇಳುವುದೇ ಇಲ್ಲ. ಅವರ ಮುಂದೆ ಒಪ್ಪಿಕೊಂಡದ್ದಾ, ಹಾಗಾದರೆ ಬೇಡ, ಅಷ್ಟೇ. ತನ್ನದೇ ಪೊಲೀಸರನ್ನು ಒಂದು ಸರ್ಕಾರ ಇಷ್ಟು ನೇರವಾಗಿ ನಂಬದೇ ಇರುವುದು ನನಗೆ ಇವತ್ತಿಗೂ ಅಚ್ಚರಿ.

ಆದರೆ ಪಕ್ಕದಲ್ಲೇ 27ನೇ ಕಲಮು ಇತ್ತು. ಆರೋಪಿ ಹೇಳಿದ್ದರಿಂದ ಒಂದು ವಸ್ತು ಸಿಕ್ಕರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತು ಸಾಕ್ಷಿಯಾಗುತ್ತದೆ. ಹೊಸ ಕಾನೂನಿನಲ್ಲೂ ಅದು ಉಳಿದಿದೆ. ಅದಕ್ಕೇ ನಮ್ಮ ಚಾರ್ಜ್‌ಶೀಟುಗಳಲ್ಲಿ ಸ್ವ-ಇಚ್ಛಾ ಹೇಳಿಕೆ ಎಂಬ ಹಾಳೆ ತಪ್ಪದೆ ಇರುತ್ತದೆ. ನನ್ನ ಜೊತೆ ಬಂದರೆ ಮಚ್ಚು ಬಿಸಾಡಿದ ಜಾಗ ತೋರಿಸುತ್ತೇನೆ, ಪಂಚರು, ಮಹಜರು, ಸಹಿ. ಎಷ್ಟೋ ಸಲ ಇದು ನಿಜವೇ ಇರುತ್ತದೆ. ಆದರೆ ವಸ್ತು ಸಿಕ್ಕರೆ ಮಾತಿಗೆ ಬೆಲೆ ಬರುತ್ತದೆ ಎಂದಾದರೆ, ಮಾತು ಹೊರಡಿಸುವ ಆಸೆಯೂ ಉಳಿಯುತ್ತದೆ. ಮುಂಬಾಗಿಲು ಹಾಕಿದ ಕಾನೂನೇ ಹಿತ್ತಲ ಬಾಗಿಲಿಗೆ ಚಿಲಕ ಹಾಕಲಿಲ್ಲ.

ಸಂವಿಧಾನದ 20(3)ನೇ ವಿಧಿ ಮೂಲಭೂತ ಹಕ್ಕು. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವ ಹಾಗಿಲ್ಲ ಎನ್ನುತ್ತದೆ. ಇದು ಠಾಣೆಯೊಳಗೂ ನಡೆಯುತ್ತದೆ ಎಂದು ಗಟ್ಟಿಯಾಗಿ ಹೇಳಿದ ತೀರ್ಪು ಬಂದದ್ದು 1978ರಲ್ಲಿ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರನ್ನು ಭ್ರಷ್ಟಾಚಾರದ ಕೇಸಿನಲ್ಲಿ ಕಟಕ್‌ನ ಠಾಣೆಗೆ ಕರೆಸಿ, ಬರೆದ ಪ್ರಶ್ನೆಗಳ ದೊಡ್ಡ ಪಟ್ಟಿ ಕೊಟ್ಟಿದ್ದರು. ಅವರು ಉತ್ತರಿಸಲು ಒಪ್ಪಲಿಲ್ಲ. ಅದಕ್ಕೇ ಅವರ ಮೇಲೆ ಇನ್ನೊಂದು ಕೇಸು ಹಾಕಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪಿನಲ್ಲಿ, ಬಲವಂತ ಎಂದರೆ ಹೊಡೆತವೇ ಆಗಬೇಕಿಲ್ಲ. ಮನಸ್ಸಿಗೆ ಕೊಡುವ ಹಿಂಸೆ, ಸುತ್ತಲಿನ ವಾತಾವರಣದ ಒತ್ತಡ, ದಣಿಯುವವರೆಗೆ ಕೇಳುವ ಪ್ರಶ್ನೆಗಳು ಇವೂ ಬಲವಂತವೇ. ವಕೀಲರನ್ನು ಇಟ್ಟುಕೊಳ್ಳಬಹುದು ಎಂಬುದೂ ಅದರಲ್ಲಿದೆ. ಓದಿದರೆ ಎದೆ ತುಂಬುವ ತೀರ್ಪು. ಆದರೆ ಆ ಹಕ್ಕನ್ನು ಗೆದ್ದುಕೊಂಡವರು ಸುಪ್ರೀಂ ಕೋರ್ಟಿನ ತನಕ ಹೋಗಬಲ್ಲ ಮಾಜಿ ಮುಖ್ಯಮಂತ್ರಿ. ಸುಣ್ಣದ ಅಣ್ಣನಿಗೆ ಯಾರೂ ಪ್ರಶ್ನೆಗಳನ್ನು ಬರೆದು ಕೊಡಲಿಲ್ಲ.

ಬೆಟ್ಟದ ಮೇಲೆ

ಗೊತ್ತಿಲ್ಲದವನ ಮೌನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲಿ ವೀರಪ್ಪನ್ ಹುಡುಕಾಟದ ವರ್ಷಗಳಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಪೊಲೀಸರಿದ್ದರು, ಅವರಿಗೆ ದಾರಿ ತೋರಿಸಲು ಹೋದವರಿದ್ದರು. ಆ ಸಾವುಗಳನ್ನು ಮರೆತು ಮುಂದಿನದನ್ನು ಹೇಳುವುದು ತಪ್ಪಾಗುತ್ತದೆ. ಕಾಡಿನಲ್ಲಿ ಅಲೆದ ಪೊಲೀಸರ ಸಿಟ್ಟು, ಭಯ ಎರಡೂ ನಿಜವಾದದ್ದು. ಆದರೆ ಕರ್ನಾಟಕ ಮತ್ತು ತಮಿಳುನಾಡಿನ ಕಾರ್ಯಪಡೆಗಳು ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರಿಗೆ, ಸೋಲಿಗರಿಗೆ ಕೇಳಿದ್ದು ಒಂದೇ ಪ್ರಶ್ನೆ: ಅವನೆಲ್ಲಿ? ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಬೆರಳೆಣಿಕೆಯಷ್ಟು. ಪ್ರಶ್ನೆಗೆ ಸಿಕ್ಕಿಬಿದ್ದವರು ಎಷ್ಟೋ ಮಂದಿ. ಬೆಟ್ಟದಲ್ಲಿ ವಿಚಾರಣೆ ಮಾಡುತ್ತಿದ್ದ ಜಾಗವನ್ನು ವರ್ಕ್‌ಶಾಪ್ ಎಂದು ಕರೆಯುತ್ತಿದ್ದರು. ಅಲ್ಲಿ ಕರೆಂಟು ಕೊಟ್ಟ ಬಗ್ಗೆ ಗಂಡಸರೂ ಹೆಂಗಸರೂ ಆಮೇಲೆ ಹೇಳಿಕೊಂಡರು.

ಕಾಡುಮೇಡು ಅಲೆದು ಬದುಕುವವನಿಗೆ ವೀರಪ್ಪನ್ ಹೋದ ವಾರ ಎಲ್ಲಿದ್ದ ಎಂದು ಗೊತ್ತಿರಬೇಕು ಅನ್ನುವುದು ಹೊರಗಿನವರ ಊಹೆ. ಗೊತ್ತಿಲ್ಲ ಅಂದರೆ ಸುಳ್ಳು. ಏನೋ ಒಂದು ಜಾಗ ಹೇಳಿದರೆ, ಅಲ್ಲಿ ಹೋಗಿ ನೋಡಿ ಅವನು ಸಿಗದಿದ್ದಾಗ ಮತ್ತೆ ಸುಳ್ಳು. ಹೇಳಿದರೂ ಏಟು, ಹೇಳದಿದ್ದರೂ ಏಟು. ಇದನ್ನು ಓದುವಾಗೆಲ್ಲ ನನಗೆ ಅನ್ನಿಸುವುದಿಷ್ಟೇ. ಅಲ್ಲಿ ಕೂರಿಸಿದ ಯಾರಿಗೂ ತಾನು ಏನನ್ನೂ ಬಚ್ಚಿಟ್ಟಿಲ್ಲ ಎಂದು ತೋರಿಸುವ ದಾರಿ ಇರಲಿಲ್ಲ. ಇಲ್ಲದ್ದನ್ನು ಇಲ್ಲ ಅಂತ ಸಾಬೀತು ಮಾಡುವುದು ಹೇಗೆ?

ದೂರುಗಳನ್ನು ನೋಡಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಕೊನೆಗೆ 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ವೀರಪ್ಪನ್ ಸತ್ತು ಆಗಲೇ ಎರಡು ವರ್ಷ ದಾಟಿತ್ತು.

ಅದೇ ಕಾಲದಲ್ಲಿ ಜಾರಿಯಲ್ಲಿದ್ದ, ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆ 1872ರ ನಿಯಮವನ್ನು ಪಕ್ಕಕ್ಕಿಟ್ಟಿತ್ತು. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ಅದು ಸಾಕ್ಷಿ. 1994ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1995ರಲ್ಲಿ ಟಾಡಾ ಮುಗಿಯಿತು. ಆದರೆ ಸಂಘಟಿತ ಅಪರಾಧ ತಡೆಯುವ ನಮ್ಮ ರಾಜ್ಯದ 2000ದ ಕೋಕಾ ಕಾಯ್ದೆಯಲ್ಲಿ ಇಂಥದ್ದೇ ನಿಯಮವಿದೆ. ಅಂದರೆ ಬಳ್ಳಾರಿಯ ರೈತನ ಬೆನ್ನ ಮೇಲೆ ಕಲ್ಲಿಟ್ಟದ್ದರಿಂದ ಕಲಿತ ಪಾಠವನ್ನು, ಅಪರಾಧ ದೊಡ್ಡದು ಅನ್ನಿಸಿದ ಕೂಡಲೇ ನಾವು ಬಿಟ್ಟುಕೊಡುತ್ತೇವೆ. ಅಪರಾಧ ದೊಡ್ಡದಾದಷ್ಟೂ ಯಾರನ್ನಾದರೂ ಹಿಡಿಯಲೇಬೇಕೆಂಬ ಒತ್ತಡವೂ ದೊಡ್ಡದು. ತಪ್ಪು ಮನುಷ್ಯ ಸಿಕ್ಕಿಬೀಳುವ ಸಾಧ್ಯತೆ ಆಗಲೇ ಜಾಸ್ತಿ. ಪಾಠ ಬೇಕಾಗುವುದೂ ಆಗಲೇ, ಅಲ್ವಾ?

ಏಟಿಲ್ಲದ ದಾರಿ

ಈಗ ಮಂಪರು ಪರೀಕ್ಷೆಗೆ ಬರುತ್ತೇನೆ. ಇದರ ಹುಟ್ಟು ಪೊಲೀಸ್ ಠಾಣೆಯಲ್ಲಾಗಿದ್ದಲ್ಲ, ಹೆರಿಗೆ ಮನೆಯಲ್ಲಿ. 1916ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ರಾಬರ್ಟ್ ಹೌಸ್ ಎಂಬ ಡಾಕ್ಟರು ಮನೆಯೊಂದರಲ್ಲಿ ಹೆರಿಗೆ ಮಾಡಿಸಿದರು. ನೋವು ಗೊತ್ತಾಗದಿರಲೆಂದು ತಾಯಿಗೆ ಸ್ಕೋಪೊಲಮಿನ್ ಕೊಟ್ಟಿದ್ದರು. ಮಗುವನ್ನು ತೂಗಲು ತಕ್ಕಡಿ ಕೇಳಿದರು. ಗಂಡ ಹುಡುಕಿ ಸಿಗಲಿಲ್ಲ ಅಂದ. ಮಂಪರಿನಲ್ಲಿದ್ದ ಆ ತಾಯಿ, ಅಡುಗೆಮನೆಯಲ್ಲಿ ಚಿತ್ರದ ಹಿಂದೆ ಮೊಳೆಗೆ ನೇತುಹಾಕಿದೆ ಎಂದು ಹೇಳಿಬಿಟ್ಟಳು. ಅಲ್ಲೇ ಇತ್ತು. ಹೌಸ್‌ಗೆ ಇದು ಬೆರಗು. ಈ ಔಷಧ ಕೊಟ್ಟರೆ ಸುಳ್ಳು ಹೇಳುವ ಶಕ್ತಿ ಹೋಗುತ್ತದೆ ಎಂದು ನಂಬಿ, 1922ರಲ್ಲಿ ಡಲ್ಲಾಸ್ ಜೈಲಿನ ಇಬ್ಬರು ಕೈದಿಗಳ ಮೇಲೆ ಪ್ರಯೋಗ ಮಾಡಿದರು. ಅವರ ಆಸೆ ಒಳ್ಳೆಯದೇ ಇತ್ತು. ನಿರಪರಾಧಿಗಳು ಇದರಿಂದ ಪಾರಾಗಲಿ ಎಂದೇ ಅವರು ಬಯಸಿದ್ದು. ಆದರೆ ತಕ್ಕಡಿ ಎಲ್ಲಿದೆ ಎಂದು ಆ ತಾಯಿಗೆ ನಿಜಕ್ಕೂ ಗೊತ್ತಿತ್ತು. ಗೊತ್ತಿಲ್ಲದವಳನ್ನು ಮತ್ತೆ ಮತ್ತೆ ಕೇಳಿದ್ದರೆ ಏನಾಗುತ್ತಿತ್ತು ಅನ್ನುವುದೇ ಮುಖ್ಯವಾದ ಪ್ರಶ್ನೆ. 1963ರ ಹೊತ್ತಿಗೆ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ಔಷಧದ ಅಮಲಿನಲ್ಲಿ ಬಂದ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂದು ಹೇಳಿಯಾಗಿತ್ತು.

ನಮ್ಮಲ್ಲಿ ಇದು ಜೋರಾಗಿದ್ದು ಆಮೇಲೆ, 2000ದ ನಂತರ. ಬೆಂಗಳೂರು ಇದರ ರಾಜಧಾನಿಯ ಹಾಗಾಯಿತು. ಬೇರೆ ರಾಜ್ಯಗಳ ಆರೋಪಿಗಳನ್ನೂ ಇಲ್ಲಿಗೆ ಕರೆತರುತ್ತಿದ್ದರು. ರಕ್ತನಾಳಕ್ಕೆ ಸೋಡಿಯಂ ಪೆಂಟೊಥಾಲ್ ಬಿಟ್ಟು, ಪೂರ್ತಿ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಗೆ ತಂದು ಪ್ರಶ್ನೆ ಕೇಳುವುದು. ಛಾಪಾ ಕಾಗದ ಹಗರಣದ ತೆಲಗಿಗೆ ಮಾಡಿದ ಪರೀಕ್ಷೆಯ ವಿಡಿಯೊ 2006ರಲ್ಲಿ ಟಿವಿಗೆ ಬಂತು. ನಾನು ಆಗ ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ರಾತ್ರಿ ಊಟಕ್ಕೆ ಹೋಗುತ್ತಿದ್ದ ಮೆಸ್ಸಿನಲ್ಲಿ ಗೋಡೆಯ ಮೇಲೆ ಟಿವಿ. ಅವತ್ತು ಎಲ್ಲರೂ ತಟ್ಟೆ ಹಿಡಿದುಕೊಂಡೇ ನೋಡುತ್ತಾ ನಿಂತಿದ್ದರು. ಹಾಸಿಗೆಯ ಮೇಲೆ ಮಲಗಿದ ಮನುಷ್ಯ, ಕಣ್ಣು ಮುಚ್ಚಿಕೊಂಡು, ನಾಲಗೆ ತೊದಲುತ್ತಾ. ಪಕ್ಕದಲ್ಲಿ ಬಾಗಿ ಕೇಳುವ ದನಿ. ತೆರೆಯ ಕೆಳಗೆ ದೊಡ್ಡ ಅಕ್ಷರದಲ್ಲಿ ಅವನು ಹೇಳಿದ ಹೆಸರುಗಳು. ಮೆಸ್ಸಿನ ಯಜಮಾನರು ಸಾರಿನ ಸೌಟು ಕೈಯಲ್ಲೇ ಇಟ್ಟುಕೊಂಡು ಮೆಚ್ಚುಗೆಯಿಂದ ಹೇಳಿದರು: "ನೋಡಿ ಸಾರ್, ಒಂದೇಟೂ ಹೊಡೆದಿಲ್ಲ. ಎಷ್ಟು ಚೆನ್ನಾಗಿ ಬಾಯಿ ಬಿಡಿಸ್ತಿದಾರೆ." ಹೌದು ಎಂದು ಸುಮಾರು ಜನ ತಲೆಯಾಡಿಸಿದರು. ನನಗೆ ಅನ್ನ ಇಳಿಯಲಿಲ್ಲ. ಅವನು ಮಾಡಿದ ಮೋಸದ ಬಗ್ಗೆ ನನಗೇನೂ ಕನಿಕರ ಇರಲಿಲ್ಲ. ಆದರೆ ಎಚ್ಚರವಿಲ್ಲದ ಒಬ್ಬ ಮನುಷ್ಯನ ತಲೆಯೊಳಗೆ ಕೈ ಹಾಕಿ ತಡಕಾಡುವುದನ್ನು ಊಟದ ಹೊತ್ತಿಗೆ ಊರಿಗೆಲ್ಲ ತೋರಿಸುತ್ತಿದ್ದರು. ಅವನಿಗೆ ಅದು ಗೊತ್ತಾಗುವ ಹಾಗೂ ಇರಲಿಲ್ಲ.

ಮೆಸ್ಸಿನ ಯಜಮಾನರ ಮಾತು ಅವರೊಬ್ಬರದೇ ಆಗಿರಲಿಲ್ಲ. ಲಾಠಿಗಿಂತ ಸೂಜಿ ವಾಸಿ, ಇದು ವಿಜ್ಞಾನ, ಇದರಿಂದ ಥರ್ಡ್ ಡಿಗ್ರಿ ಕಡಿಮೆಯಾಗುತ್ತದೆ ಎಂದು ಸರ್ಕಾರದ ಪರ ವಕೀಲರೂ ಸುಪ್ರೀಂ ಕೋರ್ಟಿನ ಮುಂದೆ ವಾದಿಸಿದರು. ಬೆಂಗಳೂರಿನದೇ ಒಂದು ಕೊಲೆ ಕೇಸಿನಿಂದ ಶುರುವಾದ ಆ ವ್ಯಾಜ್ಯಕ್ಕೆ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂದು ಹೆಸರು. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ತೀರ್ಪು ಕೊಟ್ಟರು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಅಲೆಗಳನ್ನು ಅಳೆಯುವ ಬ್ರೈನ್ ಮ್ಯಾಪಿಂಗ್, ಮೂರರಲ್ಲಿ ಯಾವುದನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೇ ಸಾಕ್ಷಿಯಾಗುವುದಿಲ್ಲ.

ಆ ತೀರ್ಪಿನಲ್ಲಿ ಎರಡು ಕಡೆ ನಾನು ನಿಲ್ಲುತ್ತೇನೆ. ಮೊದಲನೆಯದು ಔಷಧದ ಬಗ್ಗೆ. ಆ ಮಂಪರಿನಲ್ಲೂ ಕೆಲವರು ಸುಳ್ಳು ಹೇಳಬಲ್ಲರು, ಇನ್ನು ಕೆಲವರು ಕೇಳಿದವರ ಸೂಚನೆಗೆ ತಕ್ಕಂತೆ ತಲೆದೂಗುತ್ತಾರೆ ಎಂದು ಕೋರ್ಟು ಗುರುತಿಸಿತು. ಅಂದರೆ ಪಳಗಿದವನು ತಪ್ಪಿಸಿಕೊಳ್ಳುತ್ತಾನೆ, ಮೆತ್ತಗಿನವನು ಮಾಡದ್ದನ್ನೂ ಒಪ್ಪಿಕೊಳ್ಳುತ್ತಾನೆ. ಏರೋಪ್ಲೇನ್ ಮಾಡುವ ಕೆಲಸವೂ ಇದೇ. ಎರಡನೆಯದು ಕ್ರೌರ್ಯದ ಬಗ್ಗೆ. ಚಿತ್ರಹಿಂಸೆ ಅಂದರೆ ಜನ ರಕ್ತ, ಮುರಿದ ಮೂಳೆ ಎಂದುಕೊಳ್ಳುತ್ತಾರೆ, ಆದರೆ ಮನಸ್ಸಿನೊಳಗೆ ಬಲವಂತವಾಗಿ ನುಗ್ಗುವುದೂ ಮನುಷ್ಯನ ಘನತೆಗೆ ಏಟು ಎಂದು ತೀರ್ಪು ಹೇಳಿತು. ಒಪ್ಪಿಗೆಯಿಲ್ಲದ ಈ ಪರೀಕ್ಷೆಗಳನ್ನು ಕ್ರೂರ, ಅಮಾನವೀಯ, ಅವಮಾನಕರ ಎಂಬ ಸಾಲಿಗೆ ಸೇರಿಸಿತು. ಮೌನದ ಹಕ್ಕು ಮತ್ತು ಕ್ರೌರ್ಯದ ಪ್ರಶ್ನೆ, ಎರಡನ್ನೂ ಒಂದೇ ಕಡೆ ಇಟ್ಟು ನೋಡಿದ ಇಂಥ ತೀರ್ಪು ನನಗೆ ತಿಳಿದ ಹಾಗೆ ಅಪರೂಪ.

ಆದರೂ ಬೇಡಿಕೆ ನಿಂತಿಲ್ಲ. ಬಿಹಾರದ ಒಂದು ಕೇಸಿನಲ್ಲಿ ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ಮಾಡಿಸುತ್ತೇವೆ ಎಂಬ ಪೊಲೀಸರ ಮಾತನ್ನು ಹೈಕೋರ್ಟು ಒಪ್ಪಿಕೊಂಡಿತ್ತು. 2025ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಪ್ಪು ಎಂದು ಹೇಳಿ, ಸೆಲ್ವಿ ತೀರ್ಪನ್ನು ಮತ್ತೆ ನೆನಪಿಸಬೇಕಾಯಿತು. ಹದಿನೈದು ವರ್ಷದ ನಂತರವೂ.

ಯಾವುದು ಕ್ರೂರ, ಯಾವಾಗ

ಕ್ರೌರ್ಯದ ಬಗೆಗಿನ ನಮ್ಮ ಅಳತೆ ಬದಲಾಗಿದೆ, ಅದು ಸುಳ್ಳಲ್ಲ. 1864ರ ಕಾಯ್ದೆಯಿಂದ ಬಂದ ಛಡಿಯೇಟಿನ ಶಿಕ್ಷೆ 1955ರಲ್ಲಿ ಹೋಯಿತು. ಸಾರ್ವಜನಿಕವಾಗಿ ನೇಣು ಹಾಕಿ ಎಂದು ರಾಜಸ್ಥಾನ ಹೈಕೋರ್ಟು ಆದೇಶಿಸಿದ್ದನ್ನು 1985ರಲ್ಲಿ ಸುಪ್ರೀಂ ಕೋರ್ಟು ತಡೆದು, ಬರ್ಬರ ಅಪರಾಧಕ್ಕೆ ಬರ್ಬರ ಶಿಕ್ಷೆ ಬೇಕಿಲ್ಲ ಎಂದಿತು. 2014ರ ಜನವರಿಯಲ್ಲಿ ಇನ್ನೊಂದು ಹೆಜ್ಜೆ. ಕ್ಷಮಾದಾನದ ಅರ್ಜಿಯನ್ನು ವರ್ಷಗಟ್ಟಲೆ ಇಟ್ಟುಕೊಂಡು ನೇಣಿನ ನೆರಳಲ್ಲಿ ಕೂರಿಸುವುದೇ ಹಿಂಸೆ ಎಂದು 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಅವರಲ್ಲಿ ನಾಲ್ವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದವರು, ಪಾಲಾರ್ ಸ್ಫೋಟದ ಕೇಸಿನವರೇ. ಅವರಿಗೆ ಮೊದಲು ಜೀವಾವಧಿ ಆಗಿತ್ತು. 2004ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಮರಣದಂಡನೆಗೆ ಏರಿಸಿತ್ತು. ಒಂಬತ್ತು ವರ್ಷ ಕಾದ ಮೇಲೆ 2013ರಲ್ಲಿ ಅರ್ಜಿ ತಿರಸ್ಕಾರವಾಯಿತು. ಆ ತೀರ್ಪು ಬಂದಾಗ ಅನೇಕರಿಗೆ ಸಿಟ್ಟು ಬಂತು. ನನಗೆ ಅದು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಆದರೆ ಈ ದಾರಿ ಒಂದೇ ಕಡೆಗೆ ಹೋಗುವುದಿಲ್ಲ. ಸುಮ್ನೆ ಕೈಕೋಳ ಹಾಕುವುದು ಅಮಾನವೀಯ ಎಂದು 1980ರಲ್ಲಿ ಕೃಷ್ಣ ಅಯ್ಯರ್ ಬರೆದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕೆಲವು ಬಗೆಯ ಅಪರಾಧಗಳಿಗೆ ಕೈಕೋಳ ಹಾಕಬಹುದು ಎಂಬ ಕಲಮು ಬಂದಿದೆ. ಒಂಟಿ ಸೆರೆ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇನ್ನೂ ಇದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1997ರಲ್ಲಿ. ಅದನ್ನು ಊರ್ಜಿತಗೊಳಿಸುವ ಕೆಲಸ ಹಾಗೇ ಉಳಿಯಿತು. ತೀರ್ಪಿನ ನಂತರದ ಶಿಕ್ಷೆ ಮೆದುವಾಗುತ್ತಾ ಬಂದಿದೆ. ತೀರ್ಪಿಗೆ ಮುಂಚಿನ ಹಿಂಸೆ ಗುರುತು ಬಿಡದ ಕಡೆಗೆ ಸರಿಯುತ್ತಾ ಬಂದಿದೆ. ಬೆನ್ನಿನ ಕಲ್ಲಿನಿಂದ ಭುಜದ ಹಗ್ಗಕ್ಕೆ, ಹಗ್ಗದಿಂದ ಸೂಜಿಗೆ.

ಸೂಜಿಯಿಂದ ಫೋನಿಗೆ ಅನ್ನಬಹುದೇ ಎಂದು ನಾನು ಈಗೀಗ ಯೋಚಿಸುತ್ತೇನೆ. 2021ರಲ್ಲಿ ವೀರೇಂದ್ರ ಖನ್ನಾ ಕೇಸಿನಲ್ಲಿ ಕರ್ನಾಟಕ ಹೈಕೋರ್ಟು, ಒಪ್ಪಿಗೆಯಿಲ್ಲದೆ ಸುಳ್ಳು ಪತ್ತೆ ಪರೀಕ್ಷೆ ಕೂಡದು ಎಂದು ಸರಿಯಾಗಿಯೇ ಹೇಳಿತು. ಆದರೆ ಫೋನಿನ ಪಾಸ್‌ವರ್ಡ್ ಕೊಡು ಎನ್ನುವುದು ತನ್ನ ವಿರುದ್ಧ ಸಾಕ್ಷಿ ಹೇಳಿಸಿದ ಹಾಗಲ್ಲ ಎಂದಿತು. ಬೆರಳಚ್ಚು, ಕೈಬರಹ ಕೊಡುವುದು ಸಾಕ್ಷಿ ಹೇಳುವುದಲ್ಲ ಎಂದು 1961ರಲ್ಲಿ 11 ನ್ಯಾಯಮೂರ್ತಿಗಳ ಪೀಠ ಹೇಳಿದ್ದ ದಾರಿಯಲ್ಲೇ ಇದು ನಡೆಯಿತು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಬೆರಳಚ್ಚು ಕೈಯಲ್ಲಿದೆ, ನಾನು ಸುಮ್ಮನಿದ್ದರೂ ಅದು ಇರುತ್ತದೆ. ಪಾಸ್‌ವರ್ಡ್ ನನ್ನ ತಲೆಯಲ್ಲಿದೆ, ಅದನ್ನು ನಾನೇ ಹೇಳಬೇಕು. 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ಕೋರ್ಟೊಂದು ನನ್ನ ಮನಸ್ಸಿನಲ್ಲಿರುವ ಹಾಗೆಯೇ ತೀರ್ಮಾನಿಸಿತು. ಇನ್ನೂ ಒಂದು ತೊಡಕಿದೆ. ಪಾಸ್‌ವರ್ಡ್ ನಿಜಕ್ಕೂ ಮರೆತವನಿರುತ್ತಾನೆ. ಮನೆಯಲ್ಲಿ ಮಗ ಬದಲಾಯಿಸಿದ್ದು ಗೊತ್ತಿಲ್ಲದ ಅಪ್ಪನಿರುತ್ತಾನೆ. "ಗೊತ್ತಿಲ್ಲ ಸಾರ್" ಎಂದರೆ ಅವನನ್ನು ನಂಬುವವರು ಯಾರು?

ಹಾಗಾಗಿ ಈಗಾಗಲೇ ಕಾನೂನಿನಲ್ಲಿ ಇರುವುದನ್ನಾದರೂ ನಮ್ಮ ಅಕ್ಕಪಕ್ಕದವರಿಗೆ ಹೇಳಿಡೋಣ ಎಂದು ನನ್ನ ಆಸೆ. ಬಂಧಿಸುವ ಅಗತ್ಯವಿಲ್ಲದೆ ವಿಚಾರಣೆಗೆ ಕರೆಯುವುದಾದರೆ ಆರೋಪಿಗೆ ಲಿಖಿತ ನೋಟಿಸ್ ಕೊಡಬೇಕು. ಬಂಧಿಸಿದರೆ ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ನಡುವೆ ವಕೀಲರನ್ನು ನೋಡಬಹುದು. ಕಸ್ಟಡಿಯಲ್ಲಿದ್ದಾಗ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು ಎನ್ನುವುದು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದದ್ದು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಓಣಿಗಳಲ್ಲೆಲ್ಲ ಸಿಸಿಟಿವಿ ಇರಬೇಕು, ಚಿತ್ರವನ್ನು 18 ತಿಂಗಳು ಕಾಪಾಡಬೇಕು ಎಂದು ಆದೇಶಿಸಿದೆ. ಠಾಣೆಯಲ್ಲಿ ಪೆಟ್ಟಾದವರು ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರೆ ಆಯೋಗ ಆ ಚಿತ್ರವನ್ನು ತರಿಸಿಕೊಳ್ಳಬಹುದು. ದೂರಿಗೆ ತಡಮಾಡಬೇಡಿ. ತಾರೀಖು, ಕರೆದುಕೊಂಡು ಹೋದ ಹೊತ್ತು, ವಾಪಸ್ ಬಂದ ಹೊತ್ತು ಬರೆದಿಟ್ಟುಕೊಳ್ಳಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿಕೊಳ್ಳಿ.